ರೋಗಿಯ ನಾಲ್ಕನೆಯ ಗುಣ
(ಕುಲಜವ್ಯಾಧಿಗಳ ನಿವೇದನ ವಾಙ್ಮಯವನ್ನು ಕುರಿತ ವಿಮರ್ಶೆ)

ಚಿಕಿತ್ಸೆಯು ನಾಲ್ಕು ಪಾದಗಳ ಮೇಲೆ ನಿಲ್ಲುವದೆಂದು ಆಯುರ್ವೇದದ ಮತ. ವೈದ್ಯ, ದ್ರವ್ಯ, ಪರಿಚಾರಕ, ರೋಗಿ ಎಂಬವೇ ಆ ಪಾದಗಳು. ಚರಕಸಂಹಿತೆಯ ಸೂತ್ರಸ್ಥಾನವು ಒಂದೊಂದಕ್ಕೂ ನಾಲ್ಕು ನಾಲ್ಕು ಗುಣಗಳನ್ನು ಎಣಿಸಿದೆ. ವೈದ್ಯನಿಗೆ ಇರತಕ್ಕ ಗುಣಗಳನ್ನು ಜನರು ಪ್ರಸಂಗ ಬಂದಾಗಲೆಲ್ಲ ಎತ್ತಿ ಆಡುವರು. ರೋಗಿಗೆ ಇರತಕ್ಕ ಗುಣಗಳ ಕಡೆಗೆ ಅಷ್ಟು ಲಕ್ಷ್ಯ ಕೊಡುವದಿಲ್ಲ. ಅವು ಸ್ಮೃತಿ, ನಿರ್ದೇಶಕಾರಿತ್ವ, ಅಭೀರುತ್ವ, ಜ್ಞಾಪಕತ್ವ ಎಂಬ ನಾಲ್ಕು. ರೋಗಿಗೆ ನಡೆದದ್ದರ ನೆನಪು ಇರಬೇಕು, ಹೇಳಿದಂತೆ ನಡೆಯುವ ಬುದ್ಧಿ ಇರಬೇಕು, ಅಂಜಿಕೆ ಇರಬಾರದು, ತನ್ನ ರೋಗವನ್ನು ಇನ್ನೊಬ್ಬರಿಗೆ ತಿಳಿಯಪಡಿಸುವ ಸಾಮರ್ಥ್ಯವಿರಬೇಕು. ಮೊದಲಿನ ಮೂರು ಗುಣಗಳು ಮನಸ್ಸಿಗೂ ನಡತೆಗೂ ಸೇರಿದವು. ನಾಲ್ಕನೆಯದು ಮಾತಿಗೆ ಸೇರಿದ್ದು. ಒಳಗೆ ನಡೆಯುವದನ್ನು ಹೊರಗಿನವನ ಬುದ್ಧಿಗೆ ಮುಟ್ಟಿಸುವ ಕೆಲಸವು ವೈದ್ಯಕದಲ್ಲಿ ಹುಟ್ಟಿದರೂ ಸಾಹಿತ್ಯದ ಕೆಲಸವೇ ಆಗಿರುವದು.

ಅತಿ ವಿರಳವಾದ ಕುಲಜವ್ಯಾಧಿಗಳುಳ್ಳವರು ತಮ್ಮ ರೋಗದ ಹೆಸರನ್ನು ತಾವೇ ಹುಡುಕಲು ಹೊರಟು, ಆ ಹುಡುಕಾಟವನ್ನು ಲೋಕಕ್ಕೆ ನಿವೇದಿಸಿದ ಬರವಣಿಗೆಯು ಪಾಶ್ಚಾತ್ಯ ಭಾಷೆಗಳಲ್ಲಿ ಒಂದು ವಾಙ್ಮಯವಾಗಿಯೇ ಬೆಳೆದಿದೆ. ವೈದ್ಯರು ಅದನ್ನು ತಮ್ಮ ಶಾಸ್ತ್ರದ ಕಣ್ಣಿನಿಂದ ನೋಡುವರು. ಅದರ ಪ್ರಾಮಾಣ್ಯವೆಷ್ಟು, ಅದರಲ್ಲಿ ಗುಣವೆಂದೂ ದೋಷವೆಂದೂ ಕರೆಯತಕ್ಕದ್ದು ಯಾವದು, ಕನ್ನಡದಲ್ಲಿ ಅದು ಇಷ್ಟು ವಿರಳವಾಗಲು ಕಾರಣವೇನು ಎಂಬ ಪ್ರಶ್ನೆಗಳು ಮಾತ್ರ ಸಾಹಿತ್ಯ ವಿಮರ್ಶೆಯ ಪಾಲಿಗೆ ಬರುವವು. ಚರಕನು ಹೇಳಿದ ನಾಲ್ಕು ಗುಣಗಳನ್ನೇ ಲಕ್ಷಣವಾಗಿಟ್ಟುಕೊಂಡು ಕೆಲವು ಲಕ್ಷ್ಯಗಳನ್ನು ಪರೀಕ್ಷಿಸಿದರೆ ಈ ಪ್ರಶ್ನೆಗಳಿಗೆ ಉತ್ತರವು ದೊರೆಯುವಂತಿದೆ.

ಕುಲಜವ್ಯಾಧಿಯ ಕಲ್ಪನೆಯು ಈ ದೇಶಕ್ಕೆ ಹೊಸದಲ್ಲ. ಸುಶ್ರುತನು ರೋಗಗಳನ್ನು ಏಳು ಬಗೆಯಾಗಿ ವಿಂಗಡಿಸಿ, ತಂದೆತಾಯಿಗಳ ಶುಕ್ರಶೋಣಿತದ ದೋಷದಿಂದ ಬರುವವಕ್ಕೆ ಆದಿಬಲಪ್ರವೃತ್ತವೆಂದೂ, ಗರ್ಭಿಣಿಯ ನಡೆಯಿಂದ ಬರುವವಕ್ಕೆ ಜನ್ಮಬಲಪ್ರವೃತ್ತವೆಂದೂ ಹೆಸರಿಟ್ಟನು. ಚರಕನು ಬೀಜ, ಬೀಜಭಾಗ, ಬೀಜಭಾಗದ ಅವಯವ ಎಂದು ಮತ್ತೂ ಸೂಕ್ಷ್ಮಕ್ಕಿಳಿದು, ಅವುಗಳಲ್ಲಿ ಯಾವ ಅಂಶವು ಕೆಟ್ಟಿರುವದೋ ಶಿಶುವಿನಲ್ಲಿ ಅದಕ್ಕೆ ಸಂಬಂಧಪಟ್ಟ ಅಂಗವು ಕೆಡುವದೆಂದನು. ಆಧುನಿಕ ಜನ್ಯುಶಾಸ್ತ್ರವೆಲ್ಲವೂ ಇದರಲ್ಲಿ ಅಡಗಿತ್ತೆಂದು ಹೇಳಹೊರಟರೆ ಅದು ಅಭಿಮಾನದ ಮಾತಾದೀತೇ ಹೊರತು ವಿಚಾರದ ಮಾತಾಗಲಾರದು. ರೋಗದ ಬೇರು ರೋಗಿಯ ದೇಹಕ್ಕಿಂತ ಹಿಂದಕ್ಕೆ ಚಾಚಿರಬಹುದೆಂಬ ಅರಿವು ಪ್ರಾಚೀನರಿಗೆ ಇತ್ತೆಂದರೆ ಸಾಕು.

ಈಗಿನ ಎಣಿಕೆಯಂತೆ ವಿರಳವ್ಯಾಧಿಗಳು ಸುಮಾರು 7000ದಷ್ಟಿವೆ. ಭಾರತ ಸರಕಾರವು ಇವುಗಳ ಸಲುವಾಗಿ 2021ರಲ್ಲಿ ರಾಷ್ಟ್ರೀಯ ನೀತಿಯೊಂದನ್ನು ಪ್ರಕಟಿಸಿತು. ಇಂಥ ವ್ಯಾಧಿಗಳಲ್ಲಿ ಹಲವನ್ನು ಒಬ್ಬ ವೈದ್ಯನು ತನ್ನ ಆಯುಷ್ಯದಲ್ಲಿ ಒಮ್ಮೆಯೂ ಕಾಣದಿರಬಹುದು. ಆದರೆ ಆ ವ್ಯಾಧಿಯಿರುವ ಮನೆಯವರು ಅದನ್ನು ಅಜ್ಜನಲ್ಲಿ ಕಂಡು, ಸೋದರಮಾವನಲ್ಲಿ ಕಂಡು, ಮತ್ತೆ ತೊಟ್ಟಿಲಲ್ಲಿ ಕಾಣುತ್ತಾರೆ. ವೈದ್ಯನಿಗೆ ಶಾಸ್ತ್ರವುಂಟು, ದೃಷ್ಟಾಂತವಿಲ್ಲ. ಮನೆಗೆ ದೃಷ್ಟಾಂತವುಂಟು, ಶಾಸ್ತ್ರವಿಲ್ಲ. ರೋಗಿಯೇ ನಿದಾನವನ್ನು ಹುಡುಕಲು ಹೊರಡುವದು ಈ ಕಂದಕದ ದೆಸೆಯಿಂದ. ವೈದ್ಯನ ಮೇಲಿನ ಅವಿಶ್ವಾಸದಿಂದಲೇ ಎಂದು ತಿಳಿಯಲಾಗದು.

ಈ ವಾಙ್ಮಯದ ಆದಿಪುರುಷನೆಂದು ಜಾನ್ ಡಾಲ್ಟನ್ನನನ್ನು ಹೇಳಬಹುದು. ಪರಮಾಣುವಾದದಿಂದ ಪ್ರಸಿದ್ಧನಾದ ಈತನು ವೃತ್ತಿಯಿಂದ ಉಪಾಧ್ಯಾಯನು. 1792ರಲ್ಲಿ ಒಂದು ಜೆರೇನಿಯಮ್ ಹೂವು ಹಗಲಿನಲ್ಲಿ ತನಗೆ ಆಕಾಶದ ನೀಲಿಯಾಗಿಯೂ ಮೇಣಬತ್ತಿಯ ಬೆಳಕಿನಲ್ಲಿ ಕೆಂಪು ಛಾಯೆಯದಾಗಿಯೂ ಕಂಡದ್ದನ್ನು ಆತನು ಲಕ್ಷಿಸಿದನು. ಗೆಳೆಯರನ್ನು ಕೇಳಿದರೆ ಅವರಿಗೆ ಅಂಥ ಭೇದ ಕಾಣಲಿಲ್ಲ. ಸ್ವಂತ ತಮ್ಮನೋ ಅಣ್ಣನೋ ಎಂಬಂತೆ ಒಡಹುಟ್ಟಿದವನೊಬ್ಬನಿಗೆ ಮಾತ್ರ ತನ್ನಂತೆಯೇ ಕಂಡಿತು. ದೋಷವು ಹೂವಿನಲ್ಲಿಲ್ಲ, ಕಣ್ಣಿನಲ್ಲಿದೆ. ಅದೂ ಒಂದೇ ಮನೆಯ ಕಣ್ಣುಗಳಲ್ಲಿದೆ ಎಂದು ಆತನು ತಿಳಿದನು. 1794ರಲ್ಲಿ ಮ್ಯಾಂಚೆಸ್ಟರ್ ನಗರದ ಸಾಹಿತ್ಯ ಮತ್ತು ತತ್ತ್ವಶಾಸ್ತ್ರ ಸಂಘದ ಮುಂದೆ ತನ್ನ ವರ್ಣದೃಷ್ಟಿಯ ವೃತ್ತಾಂತವನ್ನು ಓದಿದನು. ಒಂದು ಊರಿನ ಸಾಹಿತ್ಯಸಂಘವು ಇಂಥ ನಿವೇದನೆಗೆ ಮೊದಲ ಶ್ರೋತೃವಾದದ್ದು ಸಂಘಗಳನ್ನು ನಡೆಸುವವರೆಲ್ಲರೂ ನೆನೆಯತಕ್ಕ ಸಂಗತಿ.

ಡಾಲ್ಟನ್ನನ ಲೇಖನದಲ್ಲಿ ಎರಡು ಭಾಗಗಳನ್ನು ಬೇರೆ ಮಾಡಿ ನೋಡಬೇಕು. ಯಾವ ಬಣ್ಣವು ತನಗೆ ಹೇಗೆ ಕಾಣುವದು ಎಂಬ ವರ್ಣನೆಯು ಪ್ರತ್ಯಕ್ಷ. ಅದರಲ್ಲಿ ಅಲಂಕಾರವಿಲ್ಲ, ಮರುಕವಿಲ್ಲ, ಒಂದು ಮಾತೂ ಹೆಚ್ಚಿಲ್ಲ. ಹಾಗೆ ಕಾಣುವದಕ್ಕೆ ಕಾರಣವೇನೆಂಬ ಭಾಗವು ಅನುಮಾನ. ಕಣ್ಣೊಳಗಿನ ದ್ರವವು ನೀಲವರ್ಣದ್ದಾಗಿದ್ದು ಕೆಂಪು ಕಿರಣಗಳನ್ನು ನುಂಗುತ್ತಿರಬೇಕೆಂದು ಆತನು ಊಹಿಸಿದನು. ಊಹೆಯನ್ನು ತನ್ನ ಮರಣಾನಂತರ ಪರೀಕ್ಷಿಸಬೇಕೆಂದೂ ಹೇಳಿಟ್ಟನು. 1844ರಲ್ಲಿ ಆತನು ತೀರಿಕೊಂಡ ಮೇಲೆ ವೈದ್ಯನು ಕಣ್ಣನ್ನು ತೆರೆದು ನೋಡಿದಾಗ ದ್ರವವು ತಿಳಿಯಾಗಿಯೇ ಇತ್ತು. ಕಾಪಿಟ್ಟಿದ್ದ ಆ ಕಣ್ಣಿನ ಅಂಶದಿಂದ 1995ರಲ್ಲಿ ವಂಶವಾಹಿಯನ್ನು ಪರೀಕ್ಷಿಸಲಾಗಿ, ಹಸಿರನ್ನು ಗ್ರಹಿಸುವ ವರ್ಣದ್ರವ್ಯದ ವಾಹಿಯೇ ಇಲ್ಲವೆಂದು ತಿಳಿದುಬಂತು. ಅನುಮಾನವು ಸುಳ್ಳಾಯಿತು, ಪ್ರತ್ಯಕ್ಷದ ವರ್ಣನೆಯು ಇನ್ನೂರು ವರುಷಗಳಾದ ಮೇಲೂ ನಿಂತಿತು. ನಿರ್ದೇಶಕಾರಿತ್ವವೆಂದರೆ ವೈದ್ಯನು ಹೇಳಿದ ಪಥ್ಯವನ್ನು ಮಾಡುವದಷ್ಟೇ ಅಲ್ಲ, ತನ್ನ ಮತವನ್ನು ಪರೀಕ್ಷೆಗೆ ಒಪ್ಪಿಸುವದೂ ಅದರಲ್ಲಿ ಸೇರಿದೆ ಎಂದು ಅರ್ಥಮಾಡಿದರೆ, ಡಾಲ್ಟನ್ನನು ಆ ಗುಣಕ್ಕೆ ಉತ್ತಮವಾದ ಲಕ್ಷ್ಯ.

ಎರಡನೆಯ ಲಕ್ಷ್ಯವು ನಾರ್ವೆ ದೇಶದ್ದು. ಬೋರ್ಗ್ನಿ ಎಗೆಲಂಡ್ ಎಂಬ ತಾಯಿಗೆ ಲಿವ್, ಡಾಗ್ ಎಂಬ ಇಬ್ಬರು ಮಕ್ಕಳು. ಇಬ್ಬರಿಗೂ ಬುದ್ಧಿಯು ಬೆಳೆಯಲಿಲ್ಲ. ಮಕ್ಕಳ ಮೈಯಿಂದಲೂ ಮೂತ್ರದಿಂದಲೂ ಒಂದು ವಿಚಿತ್ರವಾದ ಕಮಟು ವಾಸನೆ ಬರುವದನ್ನು ಆಕೆ ಬಹುದಿನ ಹೇಳುತ್ತ ಬಂದಳು. ಕೇಳಿದ ವೈದ್ಯರು ಅದಕ್ಕೆ ಬೆಲೆ ಕೊಡಲಿಲ್ಲ. 1934ರಲ್ಲಿ ಆಸ್ಲೋ ನಗರದ ಆಸ್‌ಬ್ಯೋರ್ನ್ ಫಲ್ಲಿಂಗ್ ಎಂಬ ವೈದ್ಯನು, ರಸಾಯನಶಾಸ್ತ್ರವನ್ನೂ ಬಲ್ಲವನು, ಆ ಮಾತನ್ನು ಕಿವಿಗೆ ಹಾಕಿಕೊಂಡನು. ಮಕ್ಕಳ ಮೂತ್ರಕ್ಕೆ ಫೆರಿಕ್ ಕ್ಲೋರೈಡನ್ನು ಹಾಕಿದಾಗ ಅದು ಗಾಢ ಹಸಿರು ಬಣ್ಣಕ್ಕೆ ತಿರುಗಿತು. ಔಷಧಗಳ ದೆಸೆಯಿಂದ ಹೀಗಾಗಿರಬಹುದೆಂದು ಅವುಗಳನ್ನು ನಿಲ್ಲಿಸಿ ಮತ್ತೆ ನೋಡಿದನು. ಬಣ್ಣವು ಮತ್ತೆ ಹಾಗೆಯೇ ಬಂತು. ಆ ಮೇಲೆ ಬುದ್ಧಿಮಾಂದ್ಯವುಳ್ಳ 430 ಮಂದಿಯನ್ನು ಪರೀಕ್ಷಿಸಿ ಇನ್ನು ಎಂಟು ಮಂದಿಯಲ್ಲಿ ಅದನ್ನೇ ಕಂಡನು. ಫಿನೈಲ್‌ಕೀಟೋನ್ಯೂರಿಯವೆಂದು ಇಂದು ಕರೆಯುವ ಕುಲಜವ್ಯಾಧಿಯು ಹೀಗೆ ಬೆಳಕಿಗೆ ಬಂತು. ಆಹಾರದಿಂದ ಅದನ್ನು ತಡೆಯುವ ಮಾರ್ಗವು 1950ರ ದಶಕದಲ್ಲಿ ದೊರೆಯಿತು. ಎಗೆಲಂಡಳ ಮಕ್ಕಳಿಗೆ ಅದರಿಂದ ಪ್ರಯೋಜನವಾಗಲಿಲ್ಲ. ಬೇರೆ ಮಕ್ಕಳಿಗೆ ಆಯಿತು.

ಇದರ ಪಕ್ಕದಲ್ಲಿ ಪರ್ಲ್ ಬಕ್ ಎಂಬ ಗ್ರಂಥಕರ್ತ್ರಿಯನ್ನು ಇಟ್ಟು ನೋಡಬೇಕು. 1938ರಲ್ಲಿ ನೊಬೆಲ್ ಬಹುಮಾನವನ್ನು ಪಡೆದ ಈಕೆಗೆ 1920ರಲ್ಲಿ ಹುಟ್ಟಿದ ಮಗಳಿಗೂ ಅದೇ ವ್ಯಾಧಿಯಿತ್ತು. ‘ಬೆಳೆಯದೆ ಉಳಿದ ಮಗು’ ಎಂಬರ್ಥದ ಹೆಸರಿನ ಕಿರುಪುಸ್ತಕವನ್ನು ಆಕೆ 1950ರಲ್ಲಿ ಪ್ರಕಟಿಸಿದಾಗ ವ್ಯಾಧಿಯ ಹೆಸರು ಆಕೆಗೆ ತಿಳಿದಿರಲಿಲ್ಲ. ಅದು ತಿಳಿದದ್ದು ಮುಂದೆ. ಶೋಕವನ್ನು ಅದುಮಿಟ್ಟುಕೊಂಡು ಬರೆದ ಆ ಗ್ರಂಥದ ಕರುಣರಸವು ಅಸಾಧಾರಣವಾದದ್ದು. ಇಂಥ ಮಕ್ಕಳನ್ನು ಮುಚ್ಚಿಡುತ್ತಿದ್ದ ಎಷ್ಟೋ ಮನೆಗಳು ಅದನ್ನೋದಿ ಬಾಯಿ ತೆರೆದವು. ಆದರೂ ಒಂದು ಮಾತನ್ನು ಹೇಳಬೇಕಾಗಿದೆ. ಲೋಕವೇ ಮೆಚ್ಚಿದ ವಾಕ್‌ಶಕ್ತಿಯುಳ್ಳ ತಾಯಿಗೆ ನಿದಾನವು ದೊರೆಯಲಿಲ್ಲ. ಗ್ರಂಥವನ್ನೇ ಬರೆಯದ ತಾಯಿಗೆ ದೊರೆಯಿತು. ಒಬ್ಬಳು ತನ್ನ ದುಃಖವನ್ನು ಹೇಳಿದಳು. ಮತ್ತೊಬ್ಬಳು ಒಂದು ವಾಸನೆಯನ್ನು ಹೇಳಿದಳು. ರಸವು ಶ್ರೋತೃವಿನ ಹೃದಯವನ್ನು ತೆರೆಯಬಲ್ಲದು. ಜ್ಞಾಪಕತ್ವಕ್ಕೆ ಬೇಕಾದದ್ದು ಲಕ್ಷಣ. ವಾಸನೆ, ಬಣ್ಣ, ಹೊತ್ತು, ವಯಸ್ಸು, ಯಾರಲ್ಲಿತ್ತು ಯಾರಲ್ಲಿಲ್ಲ ಎಂಬ ಅತ್ಯಲ್ಪ ಸಂಗತಿಗಳಿಂದಲೇ ಅದು ಹುಟ್ಟುವದು. ಈ ವಾಙ್ಮಯದ ಗುಣಪರೀಕ್ಷೆಯಲ್ಲಿ ಇದು ಮುಖ್ಯವಾದ ಭೇದ.

ಅಭೀರುತ್ವಕ್ಕೆ ಆಲಿಸ್ ವೆಕ್ಸ್ಲರ್ ಎಂಬ ಅಮೆರಿಕದ ಲೇಖಕಿಯ ಗ್ರಂಥವನ್ನು (1995) ಉದಾಹರಿಸಬಹುದು. ಆಕೆಯ ತಾಯಿಗೆ 1968ರಲ್ಲಿ ಹಂಟಿಂಗ್‌ಟನ್ ರೋಗವೆಂದು ನಿಶ್ಚಯವಾಯಿತು. ನಡುವಯಸ್ಸಿನಲ್ಲಿ ಅಂಗಗಳು ಅಂಕೆ ತಪ್ಪಿ ಕುಣಿದು ಬುದ್ಧಿಯೂ ಕೆಡುವ ಈ ವ್ಯಾಧಿಯು ತಂದೆತಾಯಿಗಳಲ್ಲಿ ಒಬ್ಬರಿಗಿದ್ದರೂ ಪ್ರತಿಯೊಂದು ಮಗುವಿಗೆ ಅರ್ಧಕ್ಕರ್ಧ ಸಂಭವವುಳ್ಳದ್ದು. ತವರಿನ ಗಂಡಸರಲ್ಲಿ ಅದನ್ನು ಕಂಡಿದ್ದ ಆ ತಾಯಿಯು, ಅದು ಗಂಡಸರಿಗೆ ಮಾತ್ರ ಬರುವದೆಂದು ನಂಬಿ ಹೆಣ್ಣುಮಕ್ಕಳಿಗೆ ತಿಳಿಸಿರಲಿಲ್ಲ. ಆಲಿಸಳ ತಂಗಿ ನ್ಯಾನ್ಸಿಯು ವೆನೆಜುವೆಲಾ ದೇಶದ ಮರಕೈಬೊ ಸರೋವರದ ದಂಡೆಯ ಹಳ್ಳಿಗಳಲ್ಲಿ ಈ ವ್ಯಾಧಿಯುಳ್ಳ ಮನೆತನಗಳ ವಂಶಾವಳಿಯನ್ನು ಕಲೆಹಾಕಿದಳು. ಅದರ ನೆರವಿನಿಂದ 1983ರಲ್ಲಿ ವಂಶವಾಹಿಯ ನೆಲೆಯು, 1993ರಲ್ಲಿ ವಾಹಿಯೇ ದೊರೆಯಿತು. ಪರೀಕ್ಷೆಯ ದಾರಿಯು ತೆರೆದ ಮೇಲೆ ತಾನು ಅದನ್ನು ಮಾಡಿಸಿಕೊಳ್ಳಬೇಕೇ ಬೇಡವೇ ಎಂಬ ತುಯ್ದಾಟವನ್ನು ಆಲಿಸಳು ಮುಚ್ಚುಮರೆಯಿಲ್ಲದೆ ಬರೆದಿದ್ದಾಳೆ. ಮದ್ದಿಲ್ಲದ ರೋಗದ ವಿಷಯದಲ್ಲಿ ತಿಳಿಯುವದಕ್ಕೂ ಧೈರ್ಯ ಬೇಕು, ತಿಳಿಯದೆ ಬಾಳುವದಕ್ಕೂ ಧೈರ್ಯ ಬೇಕು. ಅಭೀರುತ್ವವನ್ನು ಒಂದೇ ಕಡೆಗೆ ಎಳೆಯದಿರುವದು ಆ ಗ್ರಂಥದ ಹಿರಿಮೆ.

ಇನ್ನು ಪೂರ್ವಪಕ್ಷವೊಂದು ಏಳುವದು. ರೋಗಿಯು ತಾನೇ ನಿದಾನವನ್ನು ಮಾಡಹೊರಟರೆ, ಮಾಧವನಿದಾನವನ್ನು ಓದಿದವನು ಪ್ರತಿಯೊಂದು ಅಧ್ಯಾಯದಲ್ಲಿಯೂ ತನ್ನನ್ನೇ ಕಾಣುವಂತೆ ಭ್ರಮೆಯು ಹೆಚ್ಚಲಿಕ್ಕಿಲ್ಲವೇ? ಈ ಆಕ್ಷೇಪವು ನಿರಾಧಾರವಾದದ್ದಲ್ಲ. ಅರ್ಧ ಓದಿನಿಂದ ಆಗುವ ಅನರ್ಥಗಳು ಅನೇಕ. ಇದಕ್ಕೆ ಸಮಾಧಾನವು ಅಮೆರಿಕದ ಆಯೋವಾ ಪ್ರಾಂತದ ಜಿಲ್ ವೈಲ್ಸ್ ಎಂಬವಳ ವೃತ್ತಾಂತದಲ್ಲಿ ದೊರೆಯುವದು. ಆಕೆಯ ಕೈಕಾಲುಗಳ ಮಾಂಸಖಂಡಗಳು ಚಿಕ್ಕಂದಿನಿಂದಲೂ ಕರಗುತ್ತಿದ್ದವು. ತಂದೆಯಲ್ಲಿಯೂ ಒಡಹುಟ್ಟಿದವರಲ್ಲಿಯೂ ಅಂಥ ಚಿಹ್ನೆಗಳಿದ್ದವು. ಹತ್ತೊಂಬತ್ತರ ವಯಸ್ಸಿನಲ್ಲಿ ಗ್ರಂಥಾಲಯದ ವೈದ್ಯಗ್ರಂಥಗಳನ್ನು ಓದಿ, ಇದು ಎಮರಿ-ಡ್ರೈಫಸ್ ಎಂಬ ವ್ಯಾಧಿಯೆಂದು ಆಕೆ ನಿಶ್ಚಯಿಸಿದಳು. ಅದು ಹೆಂಗಸರಿಗೆ ಬರುವದಲ್ಲವೆಂದು ಆಗಿನ ತಿಳಿವಳಿಕೆ. ಆಕೆ ತನ್ನ ಮನೆಯವರ ರಕ್ತವನ್ನು ಇಟಲಿಯ ಸಂಶೋಧಕರಿಗೆ ಕಳಿಸಿದಳು. 1999ರಲ್ಲಿ ಆಕೆಯ ಮಾತೇ ನಿಜವೆಂದು ಉತ್ತರ ಬಂತು. ಆ ವ್ಯಾಧಿಯಲ್ಲಿ ಹೃದಯದ ಗತಿಯೂ ಕೆಡುವದೆಂದು ಓದಿದ್ದ ಆಕೆಯು ತಂದೆಯನ್ನು ಪರೀಕ್ಷೆಗೆ ಒಯ್ದದ್ದರಿಂದ ಆತನಿಗೆ ಸಕಾಲದಲ್ಲಿ ಚಿಕಿತ್ಸೆಯಾಯಿತು.

ಮುಂದಿನದು ಇನ್ನೂ ವಿಸ್ಮಯಕರವಾದದ್ದು. 2008ರ ಬೀಜಿಂಗ್ ಒಲಿಂಪಿಕ್ ಪಂದ್ಯಗಳಲ್ಲಿ ಹರ್ಡಲ್ಸ್ ಓಟದಲ್ಲಿ ಕಂಚಿನ ಪದಕವನ್ನು ಪಡೆದ ಕೆನಡಾದ ಪ್ರಿಸಿಲ್ಲಾ ಲೋಪ್ಸ್-ಶ್ಲೀಪ್ ಎಂಬವಳ ಭಾವಚಿತ್ರವನ್ನು ವೈಲ್ಸಳು ನೋಡಿದಳು. ಒಬ್ಬಳು ನಡೆಯಲಾರದಷ್ಟು ಬಡವಾದ ದೇಹದವಳು. ಮತ್ತೊಬ್ಬಳು ಲೋಕಪ್ರಸಿದ್ಧಳಾದ ಓಟಗಾರ್ತಿ. ಆದರೂ ಚರ್ಮದ ಕೆಳಗೆ ಕೊಬ್ಬು ಇಲ್ಲದ ಒಂದೇ ಬಗೆಯನ್ನು ಗುರುತಿಸಿ, ಇಬ್ಬರಲ್ಲಿಯೂ ಒಂದೇ ವಂಶವಾಹಿಯು ಕೆಟ್ಟಿರಬೇಕೆಂದು ಆಕೆ ತರ್ಕಿಸಿದಳು. ಪರೀಕ್ಷೆಯು ಅದನ್ನೂ ಸ್ಥಿರಪಡಿಸಿತು. ಓಟಗಾರ್ತಿಯ ರಕ್ತದಲ್ಲಿ ಅಪಾಯಕರವಾಗಿ ಏರಿದ್ದ ಕೊಬ್ಬು ಬಯಲಿಗೆ ಬಂದು ಉಪಚಾರ ನಡೆಯಿತು. ಒಂದೇ ಪದ್ಯದಲ್ಲಿ ಒಂದಕ್ಷರದ ಪಾಠಭೇದದಿಂದ ಒಂದು ಕಡೆ ಕರುಣವೂ ಮತ್ತೊಂದು ಕಡೆ ವೀರವೂ ಹೊರಟಂತಾಯಿತು. ಆಕೆಯ ಊಹೆಯು ಊಹೆಯಾಗಿಯೇ ನಿಂತಿದ್ದರೆ ಭ್ರಮೆಗೂ ಅದಕ್ಕೂ ಭೇದವನ್ನು ಹೇಳುವದು ಅಶಕ್ಯವಾಗುತ್ತಿತ್ತು. ಎರಡು ಸಾರೆಯೂ ಆಕೆ ಅದನ್ನು ರಕ್ತಪರೀಕ್ಷೆಗೆ ಒಪ್ಪಿಸಿದಳು. ಆದುದರಿಂದ ರೋಗಿಯ ಮಾತು ಪೂರ್ವರೂಪದ ಪ್ರಮಾಣ. ನಿರ್ಣಯಕ್ಕೆ ಪರೀಕ್ಷಕನೂ ಬೇಕು. ಕವಿ ಸಹೃದಯರಿಬ್ಬರೂ ಕೂಡಿದಾಗ ಕಾವ್ಯವು ಸಿದ್ಧಿಸುವಂತೆ, ಹೇಳುವವನೂ ಕೇಳುವವನೂ ಕೂಡಿದಾಗಲೇ ನಿದಾನವು ಸಿದ್ಧಿಸುವದು ಎಂಬದು ಸಿದ್ಧಾಂತ.

ಹಾಗಾದರೆ ಕನ್ನಡ ನಾಡಿನ ಸ್ಥಿತಿಯೇನು? ಶಿವಮೊಗ್ಗೆಯ ಜಿಲ್ಲೆಯ ಸಾಗರ ತಾಲೂಕಿನಲ್ಲಿ ಹಂದಿಗೋಡು ಎಂಬ ಗ್ರಾಮವಿದೆ. ಅಲ್ಲಿಯೂ ಸುತ್ತಲಿನ ಊರುಗಳಲ್ಲಿಯೂ ಕೂಲಿನಾಲಿಯಿಂದ ಬದುಕುವ ದಲಿತ ಮನೆತನಗಳಲ್ಲಿ ಸೊಂಟವೂ ಮೊಣಕಾಲೂ ನೊಂದು ನಡಿಗೆಯೇ ನಿಲ್ಲುವ ವ್ಯಾಧಿಯೊಂದು 1974-75ರ ಸುಮಾರಿಗೆ ಹೊರಗಿನವರ ಲಕ್ಷ್ಯಕ್ಕೆ ಬಂತು. ಕೆಲವರಲ್ಲಿ ದೇಹವು ಗಿಡ್ಡಾಗಿಯೇ ಉಳಿಯುವದು. ಗದ್ದೆಗಳಿಗೆ ಹೊಡೆಯುವ ಕೀಟನಾಶಕವು ಏಡಿಗಳ ಮೂಲಕ ಹೊಟ್ಟೆಗೆ ಹೋಗಿ ಹೀಗಾಗಿರಬೇಕೆಂದು ಮೊದಲು ಶಂಕಿಸಿದರು. ಬಡವನು ತಿಂದ ಅನ್ನವೇ ಮೊದಲು ಅಪರಾಧಿಯಾಯಿತು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯವರು ಬಂದು ನೋಡಿ, ಇದು ಮನೆತನಗಳಲ್ಲಿ ಹರಿದುಬರುತ್ತಿರುವದನ್ನು ಗುರುತಿಸಿ 1977ರಲ್ಲಿ ಮಲೆನಾಡಿನ ಕೌಟುಂಬಿಕ ಸಂಧಿರೋಗವೆಂಬರ್ಥದ ಹೆಸರಿನಿಂದ ವರ್ಣಿಸಿದರು. ತಂದೆತಾಯಿಗಳಲ್ಲಿ ಒಬ್ಬರಿಂದಲೇ ಮಕ್ಕಳಿಗೆ ಇಳಿಯಬಲ್ಲ ಅಸ್ಥಿದೋಷವಿದೆಂದು 1990ರ ದಶಕದ ಸಂಶೋಧನೆಗಳು ತೋರಿಸಿದವು.

ಈ ವ್ಯಾಧಿಯನ್ನು ಕುರಿತ ಪ್ರಬಂಧಗಳಲ್ಲಿ ಎತ್ತರದ ಅಳತೆಯಿದೆ, ಎಲುಬಿನ ಛಾಯಾಚಿತ್ರವಿದೆ, ಚೌಕ ವರ್ತುಲಗಳಿಂದ ಬರೆದ ವಂಶವೃಕ್ಷವಿದೆ. ಶಾಸ್ತ್ರಕ್ಕೆ ಇವು ಬೇಕಾದವೇ. ಆದರೆ ಆ ವೃಕ್ಷದಲ್ಲಿ ಕಪ್ಪು ತುಂಬಿದ ಒಂದೊಂದು ಚೌಕದ ಹಿಂದೆಯೂ, ‘ನಮ್ಮ ಅಜ್ಜನೂ ಹೀಗೇ ಕುಂಟುತ್ತಿದ್ದ’ ಎಂದು ಯಾರೋ ಒಬ್ಬ ಮುದುಕಿ ಹೇಳಿದ ಮಾತು ಇದ್ದೇ ಇರಬೇಕು. ಸತ್ತವರ ಎಲುಬುಗಳ ಛಾಯಾಚಿತ್ರವನ್ನು ಯಾರೂ ತೆಗೆದಿರಲಿಲ್ಲ. ಹಿಂದಿನ ತಲೆಗಳ ಸಂಗತಿಗೆ ಮನೆಯವರ ಸ್ಮೃತಿಯೊಂದೇ ಆಧಾರ. ಆ ಸ್ಮೃತಿಯು ಪ್ರಬಂಧದೊಳಗೆ ಚೌಕವಾಗಿ ಉಳಿಯಿತು, ಮಾತಾಗಿ ಉಳಿಯಲಿಲ್ಲ. ರೋಗಕ್ಕೆ ಊರಿನ ಹೆಸರು ಅಂಟಿಕೊಂಡು ಲೋಕದಲ್ಲೆಲ್ಲ ಹರಡಿತು. ಊರಿನ ಹೆಸರು ಬಂದ ಗ್ರಂಥದಲ್ಲಿ ಊರಿನವರ ಧ್ವನಿಯು ಬಾರದಿರುವದು ಆ ವಾಙ್ಮಯದ ನ್ಯೂನತೆ.

ದಾವಣಗೆರೆಯ ಸಂಗತಿಯು ಇದಕ್ಕೆ ಭಿನ್ನವಾಗಿದೆ. ಅಲ್ಲಿಯ ವೈದ್ಯರಾದ ಡಾಕ್ಟರ ಸುರೇಶ ಹನಗವಾಡಿಯವರು ಸ್ವತಃ ಹಿಮೋಫಿಲಿಯಾ ಉಳ್ಳವರು. ರೋಗಶಾಸ್ತ್ರವನ್ನು ಅಭ್ಯಾಸಮಾಡಿ ಅದರ ಅಧ್ಯಾಪಕರಾಗಿ, ತಮ್ಮಂಥವರಿಗಾಗಿ ಕರ್ನಾಟಕ ಹಿಮೋಫಿಲಿಯಾ ಸೊಸೈಟಿಯನ್ನು ಸ್ಥಾಪಿಸಿದರು. ಇಲ್ಲಿ ರೋಗಿಯೂ ವೈದ್ಯನೂ ಒಂದೇ ದೇಹದಲ್ಲಿ ಕೂಡಿದ್ದಾರೆ. 5000 ಗಂಡುಮಕ್ಕಳಲ್ಲಿ ಸುಮಾರು ಒಬ್ಬನಿಗೆ ಬರುವ ಈ ವ್ಯಾಧಿಯಲ್ಲಿ ರಕ್ತವನ್ನು ಹೆಪ್ಪುಗಟ್ಟಿಸುವ ಒಂದಂಶವು ಸಾಲದೆ ಗಾಯದ ರಕ್ತವು ಬೇಗನೆ ನಿಲ್ಲುವದಿಲ್ಲ. ಕೀಲುಗಳೊಳಗೆ ಸುರಿದು ಊತವಾಗುವದು. ದೋಷವುಳ್ಳ ವಾಹಿಯನ್ನು ಹೊತ್ತ ತಾಯಿಗೆ ಸಾಮಾನ್ಯವಾಗಿ ಬಾಧೆ ಕಾಣದು. ಪ್ರತಿಯೊಬ್ಬ ಮಗನಿಗೂ ರೋಗದ ಸಂಭವವು ಅರ್ಧ, ಪ್ರತಿಯೊಬ್ಬ ಮಗಳಿಗೂ ವಾಹಕಳಾಗುವ ಸಂಭವವು ಅರ್ಧ. ಮೂರರಲ್ಲೊಂದು ಪಾಲಿನಷ್ಟು ಪ್ರಸಂಗಗಳಲ್ಲಿ ಮನೆತನದ ಪೂರ್ವವೃತ್ತವೇ ಇಲ್ಲದೆ ದೋಷವು ಹೊಸದಾಗಿ ಹುಟ್ಟುವದೂ ಉಂಟು.

ಈ ವ್ಯಾಧಿಗೆ ಕನ್ನಡದಲ್ಲಿ ಕುಸುಮರೋಗವೆಂಬ ಹೆಸರೂ ರೂಢಿಯಲ್ಲಿದೆ. ಕೇಳುವದಕ್ಕೆ ಕೋಮಲವಾದ ಈ ಹೆಸರಿನಿಂದ ರೋಗದ ಸ್ವರೂಪವು ತಿಳಿಯುವದಿಲ್ಲ. ಮೇಲಾಗಿ ಸಂಸ್ಕೃತದಲ್ಲಿ ಕುಸುಮ, ಪುಷ್ಪ ಎಂಬ ಶಬ್ದಗಳಿಗೆ ಸ್ತ್ರೀಯರ ಆರ್ತವವೆಂಬ ಅರ್ಥವೂ ಉಂಟು. ಹೆಸರಿಟ್ಟವರ ಇಂಗಿತವೇನೇ ಇರಲಿ, ಗಂಡುಮಕ್ಕಳಲ್ಲಿ ತೋರುವ ರೋಗದ ಹೆಸರು ಸಂಸ್ಕೃತಜ್ಞನ ಕಿವಿಗೆ ಹೆಣ್ಣಿನ ಕಡೆಗೆ ಬೆರಳು ಮಾಡಿದಂತೆ ಕೇಳುವದು. ಈ ಬೆರಳು ಹಳೆಯದು. ಭಾರತದ ಕಥೆಯಲ್ಲಿ ಧೃತರಾಷ್ಟ್ರನ ಕುರುಡಿಗೆ ಅಂಬಿಕೆಯು ಕಣ್ಣು ಮುಚ್ಚಿದ್ದು ಕಾರಣ. ಪಾಂಡುವಿನ ಬಿಳುಪಿಗೆ ಅಂಬಾಲಿಕೆಯು ಬೆದರಿ ಬಿಳಿಚಿದ್ದು ಕಾರಣ. ಸುಶ್ರುತನ ಜನ್ಮಬಲಪ್ರವೃತ್ತ ವರ್ಗವೂ ಹುಟ್ಟುಕುರುಡು, ಕಿವುಡು, ಕುಬ್ಜತ್ವಗಳನ್ನು ಗರ್ಭಿಣಿಯ ನಡೆಗೇ ಒಪ್ಪಿಸಿತು. ಇಂದಿಗೂ ಕೂಸಿನಲ್ಲಿ ಊನ ಕಂಡರೆ ಗ್ರಹಣದಲ್ಲಿ ಹೊರಗೆ ಬಂದೆಯಾ, ಏನು ತಿಂದೆ, ಏನು ನೋಡಿದೆ ಎಂದು ಸೊಸೆಯನ್ನೇ ವಿಚಾರಿಸುವರು. ತನ್ನ ಮೇಲೆಯೇ ಆರೋಪವು ಬೀಳುವದೆಂದು ಅರಿತ ತಾಯಿಯು ಕಂಡದ್ದನ್ನು ಹೇಳುವದೆಂತು? ಎಗೆಲಂಡಳಂಥ ತಾಯಂದಿರು ಇಲ್ಲಿ ಇಲ್ಲದಿಲ್ಲ. ವಾಸನೆಯನ್ನು ಕಂಡವರು ಬಾಯಿ ಮುಚ್ಚಿಕೊಂಡಿರಬಹುದು.

ಮೌನಕ್ಕೆ ಇನ್ನೊಂದು ಕಾರಣವು ಧರ್ಮಶಾಸ್ತ್ರದಲ್ಲಿದೆ. ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಕಲಬುರಗಿ ಜಿಲ್ಲೆಯ ಮರತೂರಿನವನೆಂದು ಪ್ರಸಿದ್ಧಿ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದವನು. ಸಪಿಂಡರೆಂದರೆ ಯಾರೆಂಬ ಪ್ರಶ್ನೆಗೆ, ಒಂದೇ ಶರೀರದ ಅವಯವಗಳ ಸಂಬಂಧವುಳ್ಳವರೆಂದು ಈತನು ಕೊಟ್ಟ ವಿವರಣೆಯು ದೇಹದ ಅಂಶಗಳೇ ತಲೆಯಿಂದ ತಲೆಗೆ ಇಳಿಯುವವೆಂಬ ತಿಳಿವಳಿಕೆಯಿಂದ ಹೊರಟದ್ದು. ಅದೇ ಸ್ಮೃತಿಯು, ಎಷ್ಟೇ ಸಿರಿವಂತವಾದ ಮನೆತನವಾದರೂ ಸಂಚಾರಿರೋಗವಿದ್ದರೆ ಅಲ್ಲಿಂದ ಕನ್ಯೆಯನ್ನು ತರಬಾರದೆಂದು ವಿಧಿಸಿದೆ. ಇಲ್ಲಿ ಒಂದು ಗಂಟು ಬಿದ್ದಿದೆ. ವೈದ್ಯಶಾಸ್ತ್ರವು ರೋಗಿಗೆ ಹೇಳು ಎನ್ನುತ್ತದೆ. ಹೇಳಿದ ಮನೆಗೆ ನೆಂಟಸ್ತಿಕೆ ಬೇಡವೆಂದು ಧರ್ಮಶಾಸ್ತ್ರವು ಎನ್ನುತ್ತದೆ. ಎರಡು ಶಾಸ್ತ್ರಗಳ ನಡುವೆ ಸಿಕ್ಕ ಗೃಹಸ್ಥನು ಮಗಳ ಮದುವೆಯನ್ನು ನೆನೆದು ಮಗನ ರೋಗವನ್ನು ಮುಚ್ಚಿಡುವನು. ಮುಚ್ಚಿಟ್ಟದ್ದರಿಂದ ಆ ದೋಷವು ಹೊರಗಿನ ಮನೆಗೂ ತಿಳಿಯದೆಯೇ ಸಾಗುವದು. ಸಂಚಾರವನ್ನು ತಡೆಯಲೆಂದು ಹುಟ್ಟಿದ ವಿಧಿಯೇ ಸಂಚಾರಕ್ಕೆ ಮರೆಯಾಯಿತು.

ಮತ್ತೊಂದು ವೈಪರೀತ್ಯವನ್ನೂ ಗಮನಿಸಬೇಕು. ಅದೇ ಸ್ಮೃತಿಯು ತಾಯಿಯ ಕಡೆ ಐದು ತಲೆ, ತಂದೆಯ ಕಡೆ ಏಳು ತಲೆಗಳ ಒಳಗೆ ವಿವಾಹವು ಕೂಡದೆಂದು ಹೇಳಿದ್ದರೂ, ಅಕ್ಕನ ಮಗಳನ್ನೂ ಸೋದರತ್ತೆಯ ಮಗಳನ್ನೂ ತರುವ ರೂಢಿಯು ಕನ್ನಡ ನಾಡಿನಲ್ಲಿ ಬಲವಾಗಿದೆ. 1980ರ ದಶಕದಲ್ಲಿ ಬೆಂಗಳೂರು ಮೈಸೂರುಗಳಲ್ಲಿ ನವಜಾತ ಶಿಶುಗಳನ್ನು ಪರೀಕ್ಷಿಸಿದಾಗ ಸುಮಾರು ಮೂರರಲ್ಲೊಂದು ಪಾಲು ದಂಪತಿಗಳು ರಕ್ತಸಂಬಂಧಿಗಳಾಗಿದ್ದರು. ತಂದೆತಾಯಿಗಳಿಬ್ಬರೂ ಒಂದೇ ದೋಷವನ್ನು ಗುಪ್ತವಾಗಿ ಹೊತ್ತಾಗ ಮಾತ್ರ ತೋರುವ ರೋಗಗಳುಂಟು. ಆಗ ಪ್ರತಿಯೊಂದು ಮಗುವಿಗೂ ನಾಲ್ಕರಲ್ಲೊಂದು ಸಂಭವ. ಹೊರಗಿನ ಮನೆಯ ರೋಗಕ್ಕೆ ಅಂಜಿ ತಮ್ಮವರಲ್ಲಿಯೇ ಕೊಟ್ಟುತಂದರೆ ಈ ಸಂಭವವು ಹೆಚ್ಚುವದು. ಇಂಥ ದೋಷವನ್ನು ಗುಪ್ತವಾಗಿ ಹೊತ್ತವರು ನಿರೋಗಿಗಳೇ. ತಮ್ಮಂತೆಯೇ ಹೊತ್ತ ಇನ್ನೊಬ್ಬರನ್ನು ವರಿಸದಿದ್ದರೆ ಮಕ್ಕಳಿಗೆ ಆ ರೋಗವು ತೋರುವ ಭಯವಿಲ್ಲ. ಆದುದರಿಂದ ಬೇಕಾದದ್ದು ಮನೆತನವನ್ನು ದೂರಮಾಡುವದಲ್ಲ, ತಿಳಿದು ಹೊಂದಿಸುವದು. ಈ ಭೇದವನ್ನು ತಿಳಿಯದ ಸಮಾಜದಲ್ಲಿ ಜ್ಞಾಪಕತ್ವವನ್ನು ರೋಗಿಯಿಂದ ಬೇಡುವದು ನ್ಯಾಯವಲ್ಲ.

ಸಾಹಿತ್ಯದ ಹೊಣೆಯು ಇಲ್ಲಿಂದ ಪ್ರಾರಂಭವಾಗುವದು. ಕನ್ನಡ ಕಾದಂಬರಿಯು ವಂಶದ ಪ್ರಶ್ನೆಯನ್ನು ಎತ್ತಿಲ್ಲವೆಂದಲ್ಲ. ಭೈರಪ್ಪನವರ ‘ವಂಶವೃಕ್ಷ’ದಲ್ಲಿ (1965) ಶ್ರೋತ್ರಿಯರು ಮುಪ್ಪಿನಲ್ಲಿ ತಮ್ಮ ಜನ್ಮದ ಗುಟ್ಟನ್ನು ಅರಿತು, ವಂಶಾಭಿಮಾನದ ನೆಲೆಯನ್ನೇ ಪ್ರಶ್ನಿಸಬೇಕಾಗುವದು. ಬೇರು ಯಾರದೆಂದು ಅಲ್ಲಿ ಕೇಳಿದೆ. ಬೇರಿನಲ್ಲಿ ಹರಿದುಬಂದದ್ದೇನೆಂದು ಕೇಳುವ ಕೃತಿಗಳು ಇನ್ನೂ ಬರಬೇಕಾಗಿವೆ. ಸ್ವಾನುಭವವನ್ನು ಪ್ರಮಾಣವಾಗಿಟ್ಟು ನೇರವಾದ ಗದ್ಯದಲ್ಲಿ ಹೇಳುವ ಪದ್ಧತಿಯು ಕನ್ನಡಕ್ಕೆ ಕಲ್ಯಾಣದ ಶರಣರ ಕಾಲದಿಂದ ಬಂದದ್ದು. ಮಡಿವಾಳನೂ ಅಂಬಿಗನೂ ಹೆಂಗಸರೂ ತಾವು ಕಂಡದ್ದನ್ನು ತಮ್ಮ ಮಾತಿನಲ್ಲಿ ಹೇಳಿ, ಪಂಡಿತರು ಅದನ್ನು ಕೇಳುವಂತೆ ಮಾಡಿದ ಭಾಷೆಗೆ ಈ ಹೊಸ ನಿವೇದನೆಯು ಭಾರವಾಗಲಾರದು. ಕೇಳುವ ಸಹೃದಯರನ್ನು ಸಿದ್ಧಗೊಳಿಸುವದು ಕವಿಯ ಕೆಲಸವೆಂದಾದರೆ, ಮುಚ್ಚಿದ ಮನೆಗಳು ಬಾಯಿ ತೆರೆಯುವಂಥ ಶ್ರೋತೃಗಳನ್ನು ಸಿದ್ಧಗೊಳಿಸುವದೂ ಅದರಲ್ಲಿಯೇ ಬಂತು.

ವಿರಳವ್ಯಾಧಿಗಳ ಸಲುವಾಗಿ ಬೆಂಗಳೂರಿನಲ್ಲಿ ಮಾನವ ತಳಿಶಾಸ್ತ್ರ ಕೇಂದ್ರವೂ, ಕಲಬುರಗಿಯವರಿಗೆ ಅದಕ್ಕಿಂತ ಸಮೀಪವಾದ ಹೈದರಾಬಾದಿನಲ್ಲಿ ನಿಜಾಮ್ ವೈದ್ಯವಿಜ್ಞಾನ ಸಂಸ್ಥೆಯೂ 2021ರ ರಾಷ್ಟ್ರೀಯ ನೀತಿಯಲ್ಲಿ ಹೆಸರಿಸಲ್ಪಟ್ಟಿವೆ. ಅಲ್ಲಿಗೆ ಹೋದವರಿಗೆ ಎದುರಾಗುವ ಮೊದಲನೆಯ ಪ್ರಶ್ನೆ, ಮನೆತನದಲ್ಲಿ ಹಿಂದೆ ಯಾರಿಗಾದರೂ ಇತ್ತೇ ಎಂಬದು. ಉತ್ತರವು ಆಸ್ಪತ್ರೆಯಲ್ಲಿ ದೊರೆಯುವಂಥದಲ್ಲ. ಅದನ್ನು ಮನೆಯಿಂದಲೇ ಒಯ್ಯಬೇಕು. ಓದುಬರಹ ಬಲ್ಲ ಮನೆಗಳಲ್ಲಿ ಹುಟ್ಟಿದವರ ಜನ್ಮಪತ್ರಿಕೆಗಳನ್ನು ಸುತ್ತಿ ಪೆಟ್ಟಿಗೆಯಲ್ಲಿ ಜೋಪಾನವಾಗಿ ಇಟ್ಟಿರುವರು. ಗ್ರಹಗಳು ಎಲ್ಲಿದ್ದವೆಂಬದು ಅದರಲ್ಲಿ ಬರೆದಿರುವದು. ಯಾರು ಯಾವ ವಯಸ್ಸಿನಲ್ಲಿ ಯಾವ ಬೇನೆಯಿಂದ ತೀರಿಕೊಂಡರು, ಮೊದಲು ಕಂಡ ಚಿಹ್ನೆ ಯಾವದು, ತೊಟ್ಟಿಲಲ್ಲಿಯೇ ಹೋದ ಕೂಸುಗಳೆಷ್ಟು, ಗಂಡೆಷ್ಟು ಹೆಣ್ಣೆಷ್ಟು ಎಂದು ಇನ್ನೊಂದು ಹಾಳೆಯನ್ನು ಮನೆಯ ಹಿರಿಯರು ಬರೆದು ಅದೇ ಪೆಟ್ಟಿಗೆಯಲ್ಲಿ ಇಡಬಹುದು. ಅದರಲ್ಲಿ ಯಾರ ಮೇಲೆಯೂ ತಪ್ಪು ಹೊರಿಸುವ ಮಾತು ಇರಬೇಕಾಗಿಲ್ಲ. ಆ ಹಾಳೆಯನ್ನು ಮುಂದೆ ಓದುವವರು ಇನ್ನೂ ಹುಟ್ಟಿರಲಿಕ್ಕಿಲ್ಲ. ಅವರಿಗೆ ವೈದ್ಯನ ಮುಂದೆ ಕೂತಾಗ ಹೇಳುವದಕ್ಕೆ ಮಾತು ಇರುವದು.